ಮದುವೆಯ ರಾತ್ರಿ ಕ್ಯಾಮೆರಾ ಯಾರ ಕಡೆ ತಿರುಗಿತು

2015ರ ಮೇ 17ರಂದು ಪ್ರಸಾರವಾದ, ಅಮೆರಿಕದ ಎಚ್‌ಬಿಒ ವಾಹಿನಿಯ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ ಐದನೇ ಸೀಸನ್ನಿನ ಆರನೇ ಕಂತು. ಹಿಮ ಬೀಳುವ ರಾತ್ರಿಯಲ್ಲಿ ಮದುವೆ ಮುಗಿದಿದೆ. ತಾನು ಹುಟ್ಟಿ ಬೆಳೆದ ಕೋಟೆಯೊಳಗೇ, ತನ್ನ ತಾಯಿಯನ್ನೂ ಅಣ್ಣನನ್ನೂ ಕೊಲ್ಲಿಸಿದವರ ಸೊಸೆಯಾಗಿ ಸಾನ್ಸಾ ಸ್ಟಾರ್ಕ್ ಕೋಣೆಗೆ ಬರುತ್ತಾಳೆ. ಅವಳ ಜೊತೆ ಬಂದ, ಅವಳ ಮನೆಯಲ್ಲೇ ಬೆಳೆದ ಥಿಯಾನ್ ಹೊರಡಲು ನೋಡಿದರೆ ಮದುಮಗ ರಾಮ್ಸೇ ಬೋಲ್ಟನ್ ಅವನನ್ನು ತಡೆದು, ಇಲ್ಲೇ ನಿಂತು ನೋಡು ಅನ್ನುತ್ತಾನೆ. ಬಟ್ಟೆ ಹರಿಯುವ ಸದ್ದು. ಸಾನ್ಸಾಳ ಮುಖ ಒಮ್ಮೆ ಕಾಣುತ್ತದೆ. ಆಮೇಲೆ ಕ್ಯಾಮೆರಾ ಥಿಯಾನ್‌ನ ಮುಖಕ್ಕೆ ಹೋಗಿ, ಅಲ್ಲೇ ನಿಂತು, ಮೆಲ್ಲಗೆ ಹತ್ತಿರ ಸರಿಯುತ್ತದೆ. ಕೇಳಿಸುವುದು ಅವಳ ಅಳು, ಕಾಣಿಸುವುದು ಅವನ ಕಣ್ಣೀರು. ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ.

ಎರಡೇ ದಿನದಲ್ಲಿ ಅಮೆರಿಕದ ಮಿಸ್ಸೋರಿ ರಾಜ್ಯದ ಸೆನೆಟರ್ ಕ್ಲೇರ್ ಮೆಕ್‌ಕ್ಯಾಸ್ಕಿಲ್ ಇನ್ನು ಈ ಧಾರಾವಾಹಿಯ ಸಹವಾಸ ಸಾಕು ಎಂದು ಟ್ವೀಟ್ ಮಾಡಿದರು. ‘ದಿ ಮೇರಿ ಸ್ಯೂ’ ಎಂಬ ಜಾಲತಾಣ ಇನ್ನು ಮುಂದೆ ಇದಕ್ಕೆ ಪ್ರಚಾರ ಕೊಡುವುದಿಲ್ಲ ಎಂದು ಘೋಷಿಸಿತು. ಅಭಿಮಾನಿಗಳು ಎರಡು ಪಂಗಡವಾದರು. ಅತ್ಯಾಚಾರವನ್ನು ತೋರಿಸಬಾರದಿತ್ತು ಎಂದು ಒಬ್ಬರು, ಕ್ರೂರ ಜಗತ್ತಿನ ಕಥೆಯಲ್ಲಿ ಕ್ರೌರ್ಯ ತೋರಿಸದೆ ಇನ್ನೇನು ಎಂದು ಇನ್ನೊಬ್ಬರು. ಇಂದಿಗೂ ಈ ಚರ್ಚೆ ಬಹುತೇಕ ಅದೇ ಎರಡು ಗೂಟಗಳ ನಡುವೆ ಸುತ್ತುತ್ತದೆ.

ಆದರೆ ಆ ದೃಶ್ಯದಲ್ಲಿ ಅತ್ಯಾಚಾರ ಕಣ್ಣಿಗೆ ಬೀಳುವುದೇ ಇಲ್ಲ. ತೋರಿಸಿದ್ದೇ ತಪ್ಪಾಗಿದ್ದರೆ ಇಲ್ಲಿ ಗಲಾಟೆಯೇ ಆಗಬಾರದಿತ್ತು. ಜನರನ್ನು ಕೆರಳಿಸಿದ್ದು ಬೇರೆಯೇ. ಅದನ್ನು ಹಿಡಿಯಬೇಕಾದರೆ ಪುಸ್ತಕ ಪರದೆಗೆ ಬರುವಾಗ ಏನು ಕಳೆದುಹೋಗುತ್ತದೆ ಎಂಬಲ್ಲಿಂದ ಹೊರಡಬೇಕು.

ಈ ಧಾರಾವಾಹಿಗೆ ಮೂಲವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿ 1996ರಲ್ಲಿ ಶುರುವಾಯಿತು. ಅದರಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ತಲೆಯೊಳಗಿಂದ ನಡೆಯುತ್ತದೆ. ಆ ಪಾತ್ರ ಕಂಡಷ್ಟೇ ಓದುಗನಿಗೆ ಕಾಣುತ್ತದೆ, ಅದು ತನಗೆ ತಾನೇ ಹೇಳಿಕೊಂಡ ಸುಳ್ಳನ್ನು ಓದುಗನೂ ಕೇಳಿಸಿಕೊಳ್ಳುತ್ತಾನೆ. ಕ್ಯಾಮೆರಾಕ್ಕೆ ಈ ಸೌಲಭ್ಯ ಇಲ್ಲ. ಅದು ಯಾರ ತಲೆಯೊಳಗೂ ಹೊಗುವುದಿಲ್ಲ, ಹೊರಗೆ ನಿಂತು ನೋಡುತ್ತದೆ. ಯಾರ ಪಕ್ಕ ನಿಂತಿದೆ, ಯಾರ ಮುಖದ ಮೇಲೆ ಎಷ್ಟು ಹೊತ್ತು ತಂಗುತ್ತದೆ, ಯಾವ ಕ್ಷಣದಲ್ಲಿ ಕಟ್ ಆಗುತ್ತದೆ, ಮುಖ ಕಾಣದಿದ್ದಾಗ ಯಾರ ದನಿ ಉಳಿಯುತ್ತದೆ ಎಂಬುದರಿಂದಲೇ ದೃಶ್ಯ ಯಾರದು ಎಂದು ತೀರ್ಮಾನವಾಗುತ್ತದೆ. ಈ ಧಾರಾವಾಹಿಯ ದೊಡ್ಡ ವಿವಾದಗಳೆಲ್ಲ ಈ ಲೆಕ್ಕ ತಪ್ಪಿದ ಜಾಗದಲ್ಲೇ ಎದ್ದವು.

ಸಾನ್ಸಾಳ ಪ್ರಸಂಗಕ್ಕಿಂತ ಒಂದು ವರ್ಷ ಹಿಂದಿನ ಉದಾಹರಣೆ ಇನ್ನೂ ಸ್ಪಷ್ಟ. 2014ರ ಏಪ್ರಿಲ್ 20, ನಾಲ್ಕನೇ ಸೀಸನ್ನಿನ ಮೂರನೇ ಕಂತು, ನಿರ್ದೇಶಕ ಅಲೆಕ್ಸ್ ಗ್ರೇವ್ಸ್. ವಿಷಪ್ರಾಶನದಿಂದ ಸತ್ತ ಬಾಲರಾಜ ಜಾಫ್ರಿಯ ಹೆಣ ಗುಡಿಯಲ್ಲಿ ಮಲಗಿದೆ. ಪಕ್ಕದಲ್ಲಿ ತಾಯಿ ಸೆರ್ಸಿ. ಅವಳ ಅವಳಿ ಸೋದರನೂ ಪ್ರಿಯಕರನೂ ಆದ ಜೇಮಿ ಬಂದು ಅವಳ ಮೇಲೆ ಬಲವಂತ ಮಾಡುತ್ತಾನೆ. ಅವಳು ಬೇಡ, ನಿಲ್ಲಿಸು, ಇದು ಸರಿಯಲ್ಲ ಎನ್ನುತ್ತಲೇ ಇರುತ್ತಾಳೆ. ನನಗೆ ಅದೆಲ್ಲ ಬೇಕಿಲ್ಲ ಎನ್ನುವುದು ಅವನ ಉತ್ತರ. ದೃಶ್ಯ ಮುಗಿಯುವುದೇ ಅಲ್ಲಿ.

ನೋಡಿದವರಿಗೆ ಅದು ಅತ್ಯಾಚಾರ. ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ್ದು ಬೇರೆ: ಕೊನೆಗೆ ಅದು ಒಪ್ಪಿಗೆಯ ಕೂಟವಾಗುತ್ತದಂತೆ. ಆದರೆ ಪ್ರಸಾರವಾದ ದೃಶ್ಯದಲ್ಲಿ ಒಪ್ಪಿಗೆಯ ಒಂದು ಮಾತೂ ಇಲ್ಲ, ಒಂದು ಸನ್ನೆಯೂ ಎದ್ದು ಕಾಣುವುದಿಲ್ಲ. ಹಾಗಿದ್ದರೆ ಈ ಒಪ್ಪಿಗೆ ಬಂದದ್ದು ಎಲ್ಲಿಂದ? 2000ರಲ್ಲಿ ಬಂದ ಮೂರನೇ ಕಾದಂಬರಿಯಿಂದ. ಅಲ್ಲಿ ಈ ಪ್ರಸಂಗ ಜೇಮಿಯ ಅಧ್ಯಾಯದಲ್ಲಿದೆ. ಸೆರೆಯಿಂದ ತಪ್ಪಿಸಿಕೊಂಡು ಬಂದವನು ಅವಳನ್ನು ಬಹುಕಾಲದ ಮೇಲೆ ಮೊದಲ ಸಲ ನೋಡುವುದೇ ಆಗ. ಯಾರಾದರೂ ಬಂದಾರು, ಇಲ್ಲಿ ಬೇಡ ಎಂದು ತಡೆಯುವ ಸೆರ್ಸಿ ಆಮೇಲೆ ಬಾಯಿಬಿಟ್ಟು ಒಪ್ಪುತ್ತಾಳೆ. ಒಪ್ಪಿದಳು ಎಂದು ನಮಗೆ ಹೇಳುತ್ತಿರುವವನು ಜೇಮಿ ಎಂಬುದನ್ನೂ ಮರೆಯಬಾರದು. ಪರದೆಯ ಮೇಲೆ ಅವನು ಊರಿಗೆ ಬಂದು ವಾರಗಳೇ ಕಳೆದಿವೆ, ಹಾಗಾಗಿ ಪುನರ್ಮಿಲನದ ಆವೇಗ ಇಲ್ಲ. ಅವಳ ಒಪ್ಪಿಗೆಯ ಮಾತುಗಳೂ ಇಲ್ಲ. ಎರಡನ್ನೂ ತೆಗೆದ ಮೇಲೆ ಉಳಿದದ್ದು ಬಲಾತ್ಕಾರ ಒಂದೇ. ಮಾರ್ಟಿನ್ ಸ್ವತಃ ಆಗ ಈ ವ್ಯತ್ಯಾಸವನ್ನು ಎತ್ತಿ ಹೇಳಿದ್ದರು: ತಾನು ಬರೆದದ್ದು ಜೇಮಿಯ ತಲೆಯೊಳಗಿನಿಂದ, ಕ್ಯಾಮೆರಾವೋ ಹೊರಗೆ ನಿಂತಿರುವಂಥದ್ದು.

ಇಲ್ಲಿ ನಿಜವಾದ ದೋಷ ಏನೆಂಬುದು ಮುಂದಿನ ಕಂತು ನೋಡಿದರೆ ತಿಳಿಯುತ್ತದೆ. ಅದರಲ್ಲಿ ಇದೇ ಜೇಮಿ ವೀರವನಿತೆ ಬ್ರಿಯೆನ್‌ಗೆ ಬೆಲೆಕಟ್ಟಲಾಗದ ಖಡ್ಗವನ್ನೂ ಹೊಸ ಕವಚವನ್ನೂ ಕೊಟ್ಟು, ಕೊಟ್ಟ ಮಾತು ಉಳಿಸಲು ಕಳಿಸುತ್ತಾನೆ. ಸಂಗೀತ, ಬೆಳಕು, ನಟನೆ ಎಲ್ಲವೂ ಅವನನ್ನು ತಿದ್ದಿಕೊಳ್ಳುತ್ತಿರುವ ಮನುಷ್ಯನೆಂದೇ ಮೆರೆಸುತ್ತವೆ. ಗುಡಿಯಲ್ಲಿ ನಡೆದದ್ದರ ಬಗ್ಗೆ ಸೆರ್ಸಿ ಆ ಕಂತಿನಲ್ಲೂ ತುಟಿ ಬಿಚ್ಚುವುದಿಲ್ಲ, ಮುಂದೆಯೂ ಬಿಚ್ಚುವುದಿಲ್ಲ. ಸೀಸನ್ನಿನ ಕೊನೆಗೆ ತಾನಾಗಿಯೇ ಅವನ ಬಳಿ ಬರುತ್ತಾಳೆ. ಅಂದರೆ ಬರೆದವರ ಲೆಕ್ಕದಲ್ಲಿ ಅಲ್ಲಿ ಏನೂ ನಡೆದೇ ಇಲ್ಲ! ಅತ್ಯಾಚಾರ ತೋರಿಸಬೇಕೆಂದು ನಿರ್ಧರಿಸಿ ತೋರಿಸಿದ್ದರೆ ವಾದ ಮಾಡಬಹುದಿತ್ತು. ತಾವು ಚಿತ್ರಿಸಿದ್ದು ಅದೆಂದು ಗೊತ್ತೇ ಇಲ್ಲದವರ ಹತ್ತಿರ ಏನು ವಾದ? ನನ್ನ ಮಟ್ಟಿಗೆ 73 ಕಂತುಗಳಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಇಲ್ಲ, ಸಾನ್ಸಾಳ ದೃಶ್ಯವನ್ನೂ ಸೇರಿಸಿ.

ಮತ್ತೆ ಸಾನ್ಸಾಳ ಕೋಣೆಗೆ ಬರೋಣ. 2011ರ ಐದನೇ ಕಾದಂಬರಿಯಲ್ಲಿ ರಾಮ್ಸೇಯ ಕೈಗೆ ಸಿಕ್ಕುವವಳು ಸಾನ್ಸಾ ಅಲ್ಲ. ಅವಳ ಬಾಲ್ಯದ ಗೆಳತಿ ಜೇನ್ ಪೂಲ್. ಅವಳನ್ನು ಆರ್ಯಾ ಸ್ಟಾರ್ಕ್ ಎಂದು ಸುಳ್ಳು ಹೆಸರಿಟ್ಟು ಮದುವೆ ಮಾಡಿಸಿರುತ್ತಾರೆ. ಸಾನ್ಸಾ ಆ ಹೊತ್ತಿಗೆ ದೂರದ ಬೇರೊಂದು ಸೀಮೆಯಲ್ಲಿದ್ದಾಳೆ. ಜೇನ್‌ಗೆ ಸ್ವಂತ ಅಧ್ಯಾಯ ಇಲ್ಲ. ಅವಳ ಪಾಡು ಓದುಗನಿಗೆ ತಿಳಿಯುವುದು ಥಿಯಾನ್‌ನ ಅಧ್ಯಾಯಗಳ ಮೂಲಕ, ಏಕೆಂದರೆ ಅದು ಚಿತ್ರಹಿಂಸೆಯಲ್ಲಿ ತನ್ನ ಹೆಸರನ್ನೇ ಕಳೆದುಕೊಂಡವನು ಮತ್ತೆ ಮನುಷ್ಯನಾಗುವ ಕಥೆ. ಜೇನ್ ಅಲ್ಲಿ ಬರಿಯ ನಿಮಿತ್ತವಾಗಿಬಿಟ್ಟಳು ಎಂದು ಪುಸ್ತಕದ ಮೇಲೂ ಆಕ್ಷೇಪ ಮಾಡಬಹುದು, ಮಾಡಿದವರೂ ಇದ್ದಾರೆ.

ಧಾರಾವಾಹಿಯವರು ಪಾತ್ರಗಳ ಸಂಖ್ಯೆ ಇಳಿಸಲು ಜೇನ್‌ಳ ಜಾಗಕ್ಕೆ ಸಾನ್ಸಾಳನ್ನು ತಂದರು. ಬರವಣಿಗೆಯ ಮೇಜಿನ ಮೇಲೆ ಇದು ಜಾಣ ಉಪಾಯವೇ. ಪ್ರೇಕ್ಷಕರಿಗೆ ಗುರುತಿಲ್ಲದ ಹುಡುಗಿಗಿಂತ ಐದು ಸೀಸನ್ ಜೊತೆಗೆ ನಡೆದ ಹುಡುಗಿಯ ಸಂಕಟ ಹೆಚ್ಚು ತಟ್ಟುತ್ತದೆ. ತೊಡಕು ಹುಟ್ಟಿದ್ದು ವ್ಯಕ್ತಿಯನ್ನು ಬದಲಿಸಿ ಕಣ್ಣನ್ನು ಬದಲಿಸದೆ ಬಿಟ್ಟದ್ದರಿಂದ. ಜೇನ್‌ಳ ಕಥೆಗೆ ಥಿಯಾನ್‌ನ ಕಣ್ಣು ಇತ್ತು. ಸಾನ್ಸಾಳಿಗೆ ಅವಳದೇ ಕಣ್ಣಿದೆ. ಸೀಸನ್ನಿನ ಉದ್ದಕ್ಕೂ ಅವಳು ಭಯ ಅದುಮಿಕೊಂಡು ರಾಜಕಾರಣ ಕಲಿಯುವುದನ್ನು ಅವಳ ಮುಖದಲ್ಲೇ ನೋಡುತ್ತಾ ಬಂದ ಪ್ರೇಕ್ಷಕನನ್ನು, ಅವಳ ಬದುಕಿನ ಅತಿ ಕೆಟ್ಟ ಕ್ಷಣದಲ್ಲಿ ತೋಳು ಹಿಡಿದು ಬೇರೊಬ್ಬನ ಪಕ್ಕಕ್ಕೆ ನಿಲ್ಲಿಸಿದರು. ನಿರ್ದೇಶಕ ಜೆರೆಮಿ ಪೊಡೆಸ್ವಾ ಕ್ಯಾಮೆರಾ ತಿರುಗಿಸಿದ್ದು ಬಹುಶಃ ಸಂಕೋಚದಿಂದಲೇ, ಅಬ್ಬರ ಬೇಡವೆಂದೇ. ಆದರೆ ಕ್ಯಾಮೆರಾ ಬಾಗಿಲಿನ ಕಡೆಗೋ ಉರಿಯುವ ದೀಪದ ಕಡೆಗೋ ತಿರುಗುವುದು ಒಂದು. ಅಳುತ್ತಿರುವ ಗಂಡಸಿನ ಕ್ಲೋಸಪ್‌ಗೆ ತಿರುಗುವುದು ಇನ್ನೊಂದು. ಇದು ನಿನಗಾಗುತ್ತಿರುವುದಲ್ಲ, ಅವನಿಗಾಗುತ್ತಿರುವುದು ಎಂದು ಆ ಕ್ಲೋಸಪ್ ಹೇಳಿಬಿಡುತ್ತದೆ.

ಇದಕ್ಕೆ ನಮ್ಮಲ್ಲೂ ಹಳೆಯ ಅಳತೆಗೋಲು ಇದೆ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಭೀಮನ ಕೋಪ, ಪ್ರತಿಜ್ಞೆ ಎಲ್ಲ ಅಲ್ಲೂ ಇವೆ. ಆದರೂ ಸಭೆಯನ್ನು ಕಟ್ಟಿಹಾಕುವುದು ಅವಳ ಪ್ರಶ್ನೆ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಭೀಷ್ಮನಿಗೂ ನೇರ ಉತ್ತರ ಸಿಗುವುದಿಲ್ಲ. ಕುಮಾರವ್ಯಾಸನ ಸಭಾಪರ್ವ ಓದಿದವರಿಗೆ ಅದು ಯಾರ ದೃಶ್ಯ ಎಂಬ ಅನುಮಾನ ಬರಲಾರದು. ಅದೇ ಅವಮಾನ ರನ್ನನ ಗದಾಯುದ್ಧಕ್ಕೆ ಬರುವಾಗ ಭೀಮನ ಛಲದ ಇಂಧನವಾಗುತ್ತದೆ. ಆ ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಹೆಣ್ಣಿನ ಪಾಡು ಗಂಡಿನ ಪ್ರತಿಜ್ಞೆಗೆ ಕಾರಣವಾಗಿ ಒದಗುವುದು ಎಚ್‌ಬಿಒದವರು ಕಂಡುಹಿಡಿದದ್ದೇನಲ್ಲ.

ಮೊದಲ ಕಂತಿನಲ್ಲೇ, 2011ರ ಏಪ್ರಿಲ್ 17ರಂದು, ಇನ್ನೊಂದು ಮದುವೆಯ ರಾತ್ರಿ ಇತ್ತು. ಗಡಿಪಾರಾದ ರಾಜಕುಮಾರಿ ಡೆನೇರಿಸ್ ಮತ್ತು ಅಲೆಮಾರಿ ಕುದುರೆ ಸವಾರರ ದೊರೆ ಖಾಲ್ ಡ್ರೋಗೋ ಅವರದು. ಪುಸ್ತಕದಲ್ಲಿ ಡ್ರೋಗೋ ಅವಳನ್ನು ಕೇಳುತ್ತಾನೆ, ಅವಳು ಹೂಂ ಎನ್ನುತ್ತಾಳೆ. ಪರದೆಯ ಮೇಲೆ ಕೇಳುವುದೂ ಇಲ್ಲ, ಹೂಂ ಎನ್ನುವುದೂ ಇಲ್ಲ, ಅಳು ಮಾತ್ರ. ಪುಸ್ತಕವೇ ಮೇಲು ಎಂದು ಬಹಳ ಜನ ಇದನ್ನು ಉದಾಹರಿಸುತ್ತಾರೆ. ಅವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಪುಸ್ತಕದ ಡೆನೇರಿಸ್‌ಗೆ 13 ವರ್ಷ, ಅಣ್ಣ ಸೈನ್ಯದ ಆಸೆಗೆ ಮಾರಿದ ಮಗು ಅವಳು, ಅವಳ ಹೂಂಗೆ ಏನು ಬೆಲೆ? ಅಲ್ಲದೆ ಆ ರಾತ್ರಿಯ ನಂತರದ ದಿನಗಳು ಸಾಯುವುದೇ ಮೇಲು ಅನ್ನಿಸುವಷ್ಟು ನರಕವಾಗಿದ್ದವೆಂದು ಅದೇ ಪುಸ್ತಕ ಹೇಳುತ್ತದೆ. ಧಾರಾವಾಹಿ ಅವಳ ವಯಸ್ಸು ಏರಿಸಿತು, ಅಷ್ಟರಮಟ್ಟಿಗೆ ಸರಿ. ಎರಡರಲ್ಲೂ ಅವಳು ಮುಂದೆ ಅವನನ್ನೇ ಪ್ರೀತಿಸುತ್ತಾಳೆ, ಎರಡೂ ಅದನ್ನು ಹೆಚ್ಚು ಕೆದಕಲು ಹೋಗುವುದಿಲ್ಲ.

ಮದುವೆಯಾದ ಮೇಲೆ ಅತ್ಯಾಚಾರ ಎಲ್ಲಿಂದ ಬಂತು ಎಂಬ ಮಾತೂ ಈ ಚರ್ಚೆಗಳಲ್ಲಿ ಬರುತ್ತದೆ. ಭಾರತದ ಕಾನೂನಿನಲ್ಲಿ ಅದಕ್ಕೆ ಆಸರೆಯೂ ಇದೆ. ಹೆಂಡತಿಗೆ 18 ತುಂಬಿದ್ದರೆ ಗಂಡನ ಕೃತ್ಯವನ್ನು ಅತ್ಯಾಚಾರವೆನ್ನದ ವಿನಾಯಿತಿ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಮುಂದುವರಿದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂದು ವಿಚಾರಣೆ ಮುಂದುವರಿಸಲು ಬಿಟ್ಟಿತ್ತು. ಬಳಿಕ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸಾನ್ಸಾಳ ಕೋಣೆಯ ಬಾಗಿಲು ನಮ್ಮಿಂದ ಅಷ್ಟೇನೂ ದೂರದಲ್ಲಿಲ್ಲ.

ಸಮರ್ಥಕರ ದೊಡ್ಡ ಅಸ್ತ್ರ ಇತಿಹಾಸ. ಅತ್ಯಾಚಾರವಿಲ್ಲದ ಯುದ್ಧ ನಡೆದೇ ಇಲ್ಲ, ಅದನ್ನು ಬಿಟ್ಟು ಯುದ್ಧದ ಕಥೆ ಬರೆಯುವುದು ಅಪ್ರಾಮಾಣಿಕತೆ ಎಂಬ ಅರ್ಥದಲ್ಲಿ ಮಾರ್ಟಿನ್ 2014ರಲ್ಲಿ ಹೇಳಿದ್ದರು. ಅದಕ್ಕೆ ಸಿದ್ಧ ಉತ್ತರ, ಡ್ರ್ಯಾಗನ್ ಇರುವ ಲೋಕಕ್ಕೆ ಎಂಥ ಇತಿಹಾಸ ಎಂಬುದು. ಈ ಉತ್ತರ ದುರ್ಬಲ. ಕಲ್ಪನಾ ಲೋಕವೂ ನೆಲದ ಮೇಲೆ ಕಾಲೂರಿಯೇ ನಿಲ್ಲಬೇಕು. ಇತಿಹಾಸ ಎನ್ನುವವರು ಅದನ್ನು ಪೂರ್ತಿ ಓದಲಿ ಎನ್ನುವುದೇ ಗಟ್ಟಿ ಉತ್ತರ.

ಮಾರ್ಟಿನ್‌ರಿಗೆ ಸ್ಫೂರ್ತಿಯಾದ 15ನೇ ಶತಮಾನದ ಇಂಗ್ಲೆಂಡಿನ ‘ಗುಲಾಬಿಗಳ ಯುದ್ಧ’ವನ್ನೇ ತೆಗೆದುಕೊಳ್ಳಿ. ಮಾರ್ಗರೆಟ್ ಬೋಫೋರ್ಟ್ ಎಂಬ ಶ್ರೀಮಂತ ಹುಡುಗಿಯನ್ನು 12ರ ವಯಸ್ಸಿಗೆ ಎಡ್ಮಂಡ್ ಟ್ಯೂಡರ್‌ಗೆ ಮದುವೆ ಮಾಡಿದರು. 1457ರ ಜನವರಿಯಲ್ಲಿ, 13ರ ವಯಸ್ಸಿನಲ್ಲಿ, ಗಂಡ ಸತ್ತ ಮೇಲೆ, ಅವಳು ಹೆತ್ತಳು. ಆ ಮಗುವೇ ಮುಂದೆ ಇಂಗ್ಲೆಂಡಿನ ದೊರೆ ಏಳನೇ ಹೆನ್ರಿ. ಆ ಬಳಿಕ ಅವಳಿಗೆ ಮಕ್ಕಳೇ ಆಗಲಿಲ್ಲ. ದಶಕಗಳಾದ ಮೇಲೆ ತನ್ನ ಮೊಮ್ಮಗಳನ್ನು ಎಳೆ ವಯಸ್ಸಿಗೆ ಸ್ಕಾಟ್ಲೆಂಡಿನ ದೊರೆಗೆ ಮದುವೆ ಮಾಡಿ ಕಳಿಸುವ ಮಾತು ಬಂದಾಗ, ಅವನು ಕಾಯಲಾರ, ಹುಡುಗಿಗೆ ಹಾನಿಯಾದೀತು ಎಂದು ಅಡ್ಡ ನಿಂತವರಲ್ಲಿ ಇದೇ ಮಾರ್ಗರೆಟ್ ಒಬ್ಬಳು. ಇತಿಹಾಸದಲ್ಲಿ ಹಿಂಸೆ ಒಂದು ರಾತ್ರಿಗೆ ಮುಗಿಯಲಿಲ್ಲ. ಅದು ಒಂದು ಮೈಯಲ್ಲಿ ಉಳಿದು, ನಲವತ್ತು ವರ್ಷದ ನಂತರ ಅರಮನೆಯ ಒಂದು ತೀರ್ಮಾನವನ್ನು ಬದಲಿಸಲು ನೋಡಿತು. ನಿಜ ಜೀವನದಂತೆ ಬೇಕು ಎನ್ನುವವರು ಕೇಳಬೇಕಾದದ್ದು ಈ ನಲವತ್ತು ವರ್ಷವನ್ನು. ಧಾರಾವಾಹಿಗೆ ಬೇಕಾದದ್ದು ಬಹುತೇಕ ಆ ರಾತ್ರಿ ಮಾತ್ರ. ಇತಿಹಾಸದ ಸೈನ್ಯಗಳಲ್ಲಿ ಆಮಶಂಕೆಯಿಂದ ಸತ್ತವರಿಗೂ ಲೆಕ್ಕವಿಲ್ಲ, ಅದನ್ನು ತೋರಿಸಿ ಎಂದು ಯಾರೂ ಹಟ ಹಿಡಿದದ್ದು ಕಾಣೆ.

ತಲೆಬುರುಡೆ ಒಡೆಯುವುದನ್ನು, ಬಸುರಿಯ ಹೊಟ್ಟೆಗೆ ಇರಿಯುವುದನ್ನು ನೋಡಿ ಸುಮ್ಮನಿದ್ದವರು ಇದಕ್ಕೇಕೆ ಕೂಗುತ್ತಾರೆ ಎಂಬ ಪ್ರಶ್ನೆಯೂ ಇದೆ. ಉತ್ತರ ಸರಳ. ಕೊಲೆಯಾದವರು ಸೋಫಾದ ಮೇಲೆ ಕೂತು ಟಿವಿ ನೋಡುತ್ತಿರುವುದಿಲ್ಲ.

ಇನ್ನು ಪ್ರಮಾಣದ ಮಾತು. ಎಷ್ಟು ಸಲ, ಎಷ್ಟು ನಿಮಿಷ ಎಂದು ಎಣಿಸುವುದು ಹೆಚ್ಚು ದೂರ ಕೊಂಡೊಯ್ಯುವುದಿಲ್ಲ. ಅದೇ 2015ರ ಮೇ ತಿಂಗಳಲ್ಲಿ ಸ್ಟಾರ್ಜ್ ವಾಹಿನಿಯ ‘ಔಟ್‌ಲ್ಯಾಂಡರ್’ ಮೊದಲ ಸೀಸನ್ ಮುಗಿಯಿತು. ಕಾಲಯಾನದ ಆ ಕಥೆಯ ಕೊನೆಯ ಎರಡು ಕಂತುಗಳಲ್ಲಿ ನಾಯಕ ಜೇಮಿ ಫ್ರೇಸರ್ ಮೇಲೆ ಸೆರೆಮನೆಯಲ್ಲಿ ಇಂಗ್ಲಿಷ್ ಸೇನಾಧಿಕಾರಿ ಅತ್ಯಾಚಾರ ಮಾಡುತ್ತಾನೆ. ಸಾನ್ಸಾಳ ದೃಶ್ಯಕ್ಕಿಂತ ಅದು ಎಷ್ಟೋ ಪಟ್ಟು ನೇರ, ದೀರ್ಘ. ಇಷ್ಟು ಬೇಕಿತ್ತೇ ಎಂದವರೂ ಇದ್ದರು, ಆದರೆ ಮೆಚ್ಚಿದವರೇ ಹೆಚ್ಚು. ಕಾರಣ, ಮೇ 30ರ ಕೊನೆಯ ಕಂತು ಬಹುತೇಕ ನಡೆಯುವುದು ಬಿಡುಗಡೆಯಾದ ಮೇಲೆ. ಮಠವೊಂದರಲ್ಲಿ ಮಲಗಿ ಬದುಕಲು ಒಲ್ಲೆನೆನ್ನುವ ಅವನ ನೆನಪಿನ ತುಣುಕುಗಳಾಗಿ ಆ ಹಿಂಸೆ ಬಿಚ್ಚಿಕೊಳ್ಳುತ್ತದೆ. ಯಾವ ನೆನಪು ಯಾವಾಗ ಬರಬೇಕೆಂಬುದನ್ನು ಅವನ ಮನಸ್ಸೇ ನಡೆಸುತ್ತದೆ.

ಸಾನ್ಸಾಳ ‘ಆಮೇಲೆ’ ಏನಾಯಿತು? ಆರನೇ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ರಾಮ್ಸೇಯ ಬೇಟೆನಾಯಿಗಳಿಂದಲೇ ಅವನನ್ನು ಕೊಲ್ಲಿಸಿ, ಸಣ್ಣ ನಗೆಯೊಂದಿಗೆ ನಡೆದು ಹೋಗುತ್ತಾಳೆ. ಪ್ರೇಕ್ಷಕರು ಚಪ್ಪಾಳೆ ಹೊಡೆದರು. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. 2019ರ ಮೇ 5ರ ಕಂತಿನಲ್ಲಿ ಅವಳ ಬಾಯಲ್ಲೇ ಒಂದು ಮಾತು ಆಡಿಸಿದರು: ರಾಮ್ಸೇಯಂಥವರು ಸಿಗದೇ ಹೋಗಿದ್ದರೆ ತಾನು ಜೀವಮಾನವಿಡೀ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬ ಅರ್ಥದ್ದು. ಅತ್ಯಾಚಾರವೇನು ಹೆಣ್ಣನ್ನು ಗಟ್ಟಿ ಮಾಡುವ ಸಾಧನವೇ ಎಂದು ನಟಿ ಜೆಸಿಕಾ ಚಾಸ್ಟೇನ್ ಬಹಿರಂಗವಾಗಿ ಸಿಟ್ಟಾದರು. ನಾಲ್ಕು ವರ್ಷದ ಹಿಂದಿನ ದೃಶ್ಯಕ್ಕೆ ಬರೆದವರೇ ಕೊಟ್ಟ ಷರಾ ಅದು, ಅದಕ್ಕೇ ಅಷ್ಟು ಚುಚ್ಚಿತು.

ಬಹಿಷ್ಕಾರದಿಂದ ನೋಡುಗರು ಕಡಿಮೆಯಾದರೇ ಎಂದು ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. ವಿವಾದದ ಕಂತನ್ನು ಅಮೆರಿಕದಲ್ಲಿ ಮೊದಲ ಪ್ರಸಾರದಲ್ಲಿ ನೋಡಿದವರು ಸುಮಾರು 62 ಲಕ್ಷ, ಮುಂದಿನ ವಾರ 54 ಲಕ್ಷ. ಬಿಸಿ ತಟ್ಟಿತು ಎನ್ನುವವರು ಈ ಅಂಕಿಗಳನ್ನೇ ತೋರಿಸುತ್ತಾರೆ. ಆದರೆ ಆ ವಾರ ಮೆಮೋರಿಯಲ್ ಡೇ ರಜೆ. ಸೀಸನ್ನಿನ ಕೊನೆಯ ಕಂತಿಗೆ 81 ಲಕ್ಷ ಜನ ಬಂದರು, ಆ ವರ್ಷ ಧಾರಾವಾಹಿ 12 ಎಮ್ಮಿ ಪ್ರಶಸ್ತಿ ಗೆದ್ದಿತು. ಅಂಕಿಯಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಸೆಟ್ಟಿನಲ್ಲಿ, ಅದೂ ತಡವಾಗಿ.

2018ರ ಅಕ್ಟೋಬರ್‌ನಲ್ಲಿ ಎಚ್‌ಬಿಒ ತನ್ನ ಎಲ್ಲ ಧಾರಾವಾಹಿಗಳ ಲೈಂಗಿಕ ದೃಶ್ಯಗಳಿಗೂ ಇಂಟಿಮೆಸಿ ಕೋಆರ್ಡಿನೇಟರ್ ಇರಬೇಕೆಂದು ನಿಯಮ ಮಾಡಿತು. ಇವರನ್ನು ಸೆಟ್ಟಿನ ಪೊಲೀಸ್ ಎಂದು ಭಾವಿಸುವವರಿದ್ದಾರೆ. ಸಾಹಸ ನಿರ್ದೇಶಕರ ಕೆಲಸಕ್ಕೆ ಹೋಲಿಸುವುದು ಸರಿ. ಚಿತ್ರಕಥೆ ಕೈಗೆ ಬಂದ ಕೂಡಲೇ ಅಂಥ ದೃಶ್ಯಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ‘ಅವನು ಅವಳ ಮೇಲೆ ಎರಗುತ್ತಾನೆ’ ಎಂಬ ಒಂದು ಸಾಲು ಇದ್ದರೆ ನಿರ್ದೇಶಕರನ್ನು ಕೂರಿಸಿಕೊಂಡು ಬಿಡಿಸಿ ಕೇಳುತ್ತಾರೆ: ಪಾತ್ರಕ್ಕೆ ಇಲ್ಲಿ ಒಪ್ಪಿಗೆ ಇದೆಯೇ, ಯಾವ ಕ್ಷಣದಲ್ಲಿ ಇಲ್ಲವಾಗುತ್ತದೆ, ಯಾರ ಕೈ ಎಲ್ಲಿರುತ್ತದೆ, ಫ್ರೇಮಿನಲ್ಲಿ ಏನು ಕಾಣುತ್ತದೆ? ಆಮೇಲೆ ಕಲಾವಿದರ ಜೊತೆ ಒಬ್ಬೊಬ್ಬರಾಗಿ ಮಾತು, ನಿರ್ದೇಶಕರ ಎದುರಲ್ಲಿ ಅಲ್ಲ. ಒಪ್ಪಿದ್ದು ಬರಹದಲ್ಲಿ ಬರುತ್ತದೆ. ಅಮೆರಿಕದ ನಟರ ಸಂಘದ 2020ರ ಒಪ್ಪಂದದ ಪ್ರಕಾರ ನಗ್ನತೆಯ ಕರಾರು ಚಿತ್ರೀಕರಣಕ್ಕೆ 48 ಗಂಟೆ ಮುಂಚೆ ಕೈಯಲ್ಲಿರಬೇಕು. ಮೈಬಣ್ಣದ ಉಡುಪು, ಅಂಟುಪಟ್ಟಿ, ಇಬ್ಬರ ನಡುವೆ ದಿಂಬಿನಂಥ ಮೆತ್ತೆ ಇಟ್ಟು ಹೊಡೆದಾಟದ ದೃಶ್ಯದಂತೆಯೇ ಎಣಿಕೆ ಹಾಕಿ ರಿಹರ್ಸಲ್ ನಡೆಯುತ್ತದೆ. ಅಗತ್ಯವಿಲ್ಲದವರು ಸೆಟ್ಟಿನ ಹೊರಗೆ. ಆ ಕ್ಷಣದಲ್ಲೂ ಕಲಾವಿದೆ ಬೇಡ ಎನ್ನಬಹುದು.

ಇದೂ ಕೆಡುತ್ತದೆ. ಹೆಚ್ಚಾಗಿ ಕೆಡುವುದು ಅವರನ್ನು ಶೂಟಿಂಗಿನ ದಿನ ಬೆಳಿಗ್ಗೆ ಕರೆಸಿದಾಗ. ಆಗ ಬಟ್ಟೆ, ಟೇಪು ನೋಡಿಕೊಳ್ಳುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ, ದೃಶ್ಯದ ಅರ್ಥ ಆಗಲೇ ತೀರ್ಮಾನವಾಗಿರುತ್ತದೆ. ಒಪ್ಪಿಗೆ ಎಲ್ಲಿದೆ ಎಂಬ ಆ ಮೊದಲ ಪ್ರಶ್ನೆಯನ್ನು ಗುಡಿಯ ದೃಶ್ಯಕ್ಕೆ ಮುಂಚೆ ಯಾರಾದರೂ ಕಾಗದದ ಮೇಲೆ ಕೇಳಿದ್ದರೆ, ನಿರ್ದೇಶಕರು ಅಂದುಕೊಂಡದ್ದಕ್ಕೂ ಚಿತ್ರಕಥೆಯಲ್ಲಿ ಇದ್ದದ್ದಕ್ಕೂ ನಡುವಿನ ಕಂದರ ಅಲ್ಲೇ ಕಾಣುತ್ತಿತ್ತು. ಹೆಂಗಸರು ನಿರ್ದೇಶಿಸಿದ್ದರೆ ಸಾಕಿತ್ತು ಎಂಬುದೂ ಪೂರ್ತಿ ನಿಜವಲ್ಲ. 73ರಲ್ಲಿ ನಾಲ್ಕೇ ಕಂತು ಮಹಿಳೆಯ ನಿರ್ದೇಶನದ್ದು, ನಾಲ್ಕೂ ಮಿಶೆಲ್ ಮೆಕ್‌ಲಾರೆನ್ ಅವರದು. ದಂಗೆಕೋರರು ಮಾತಾಡುತ್ತಿರುವಾಗ ಹಿನ್ನೆಲೆಯಲ್ಲಿ ಹೆಂಗಸರ ಮೇಲೆ ಅತ್ಯಾಚಾರ ನಡೆಯುತ್ತಲೇ ಇರುವ, ಬಹಳ ಟೀಕೆಗೆ ಗುರಿಯಾದ ಕ್ರಾಸ್ಟರ್ ಮನೆಯ ದೃಶ್ಯ ಇರುವುದು ಅವರ ಕಂತಿನಲ್ಲೇ.

ನಮ್ಮಲ್ಲಿ ನಿಯಮ ಎರಡು ತೆರನಾಗಿದೆ. ಸಿನಿಮಾ ಪ್ರಮಾಣೀಕರಣದ 1991ರ ಮಾರ್ಗಸೂಚಿ ಅತ್ಯಾಚಾರದ ದೃಶ್ಯವನ್ನು ಆದಷ್ಟು ಕೈಬಿಡಿ, ಕಥೆಗೆ ಬೇಕೇ ಬೇಕೆಂದರೆ ಕನಿಷ್ಠಕ್ಕೆ ಇಳಿಸಿ, ವಿವರ ತೋರಿಸಬೇಡಿ ಎನ್ನುತ್ತದೆ. ಒಟಿಟಿಗೆ 2021ರ ಐಟಿ ನಿಯಮಗಳು ಅನ್ವಯ. ಅಲ್ಲಿ ಕತ್ತರಿಗಿಂತ ವಯಸ್ಸಿನ ಚೀಟಿ, ವಿಷಯದ ಎಚ್ಚರಿಕೆ ಮತ್ತು ಪೋಷಕರ ಲಾಕ್ ಮುಖ್ಯ. ಎರಡೂ ಅಳೆಯುವುದು ಎಷ್ಟು ಕಂಡಿತು ಎಂಬುದನ್ನು. ಸಾನ್ಸಾಳ ದೃಶ್ಯದಲ್ಲಿ ಕಂಡದ್ದು ಕಡಿಮೆ, ವಿವರ ಇಲ್ಲ. 1991ರ ಮಾರ್ಗಸೂಚಿಯ ಮಾತನ್ನು ಅಕ್ಷರಶಃ ಓದಿದರೆ ಅದು ಪಾಸಾಗುತ್ತದೆ!

ಕಲಿತ ಪಾಠದ ಪರೀಕ್ಷೆ ನಡೆದದ್ದು 2022ರಲ್ಲಿ, ಅದೇ ಲೋಕದ ಹಿಂದಿನ ಕಥೆಯಾದ ‘ಹೌಸ್ ಆಫ್ ದಿ ಡ್ರ್ಯಾಗನ್’ನಲ್ಲಿ. ಲೈಂಗಿಕ ಹಿಂಸೆಯನ್ನು ಪರದೆಯ ಮೇಲೆ ತೋರಿಸುವುದಿಲ್ಲ, ಒಂದು ಘಟನೆ ಪರದೆಯ ಹೊರಗೆ ನಡೆಯುತ್ತದೆ, ನಾವು ತೋರಿಸುವುದು ಅದರ ಪರಿಣಾಮ ಎಂದು ಬರಹಗಾರ್ತಿ ಸಾರಾ ಹೆಸ್ ಮೊದಲೇ ತಿಳಿಸಿದ್ದರು. ಆ ಘಟನೆ ಬಂದದ್ದು ಗೀತಾ ವಸಂತ್ ಪಟೇಲ್ ನಿರ್ದೇಶಿಸಿದ ಎಂಟನೇ ಕಂತಿನಲ್ಲಿ. ಡಯಾನಾ ಎಂಬ ಸೇವಕಿ ರಾಣಿ ಅಲಿಸೆಂಟ್ ಮುಂದೆ ನಿಂತು, ರಾಣಿಯ ಮಗ, ರಾಜಕುಮಾರ ಏಗಾನ್ ತನಗೆ ಮಾಡಿದ್ದನ್ನು ಹೇಳುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಓಡುವುದಿಲ್ಲ. ತನ್ನದೇನೂ ತಪ್ಪಿಲ್ಲವೆಂದು ತಡವರಿಸುತ್ತಾಳೆ. ರಾಣಿ ಅವಳನ್ನು ತಬ್ಬಿ, ನಂಬುತ್ತೇನೆ ಎನ್ನುತ್ತಾಳೆ. ಸಮಾಧಾನವಾಯಿತು ಅನ್ನುವಷ್ಟರಲ್ಲಿ ಮಾತಿನ ಧಾಟಿ ಬದಲಾಗುತ್ತದೆ. ಬೇರೆಯವರು ನಂಬುತ್ತಾರೆಯೇ, ಹೊರಗೆ ಹೇಳಿದರೆ ನಿನಗೇ ಕೆಟ್ಟ ಹೆಸರಲ್ಲವೇ? ಕೈಗೆ ನಾಣ್ಯ ಬೀಳುತ್ತದೆ, ಗರ್ಭ ನಿಲ್ಲದಂತೆ ಕುಡಿಯಲು ಕಷಾಯ ಬರುತ್ತದೆ. ಬಳಿಕ ರಾಣಿ ಮಗನ ಕೋಣೆಗೆ ಹೋಗಿ ಅವನ ಕೆನ್ನೆಗೆ ಬಾರಿಸುತ್ತಾಳೆ.

ಇದಕ್ಕೂ ತಕರಾರು ಬಂತು. ಡಯಾನಾ ಒಂದೇ ದೃಶ್ಯಕ್ಕೆ ಬಂದು ಹೋದಳು, ಉಳಿದದ್ದು ರಾಣಿಯ ಸಂಕಟ ಎಂದರು. ತಕರಾರಿನಲ್ಲಿ ಹುರುಳಿದೆ. ಆದರೂ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ, ದನಿ ಪೂರ್ತಿ ಇಳಿಸಿ ನೋಡಿ. ತಬ್ಬಿದ್ದ ಕೈ ಯಾವಾಗ ಸಡಿಲವಾಯಿತು, ನಾಣ್ಯ ಅವಳ ಅಂಗೈಗೆ ಬಿದ್ದಾಗ ಅವಳ ಕಣ್ಣು ಎಲ್ಲಿತ್ತು ಎಂಬುದು ಮಾತಿಲ್ಲದೆಯೇ ಗೊತ್ತಾಗುತ್ತದೆ. ಅದೇ ಕೆಲಸವನ್ನು 2015ರ ದೃಶ್ಯಕ್ಕೂ ಮಾಡಿ. ದನಿ ಹೋದ ಕೂಡಲೇ ಆ ಕೋಣೆಯಲ್ಲಿ ಉಳಿಯುವವನು ಥಿಯಾನ್ ಒಬ್ಬನೇ.